ಸೋಮವಾರ ನಿಲ್ಲುವ ಕಾರು

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ಮನೆ ಶಿಕಾರಿಪುರದಲ್ಲಿ, ಶಾಲೆ ಸೊರಬದ ಹತ್ತಿರದ ಒಂದು ಹಳ್ಳಿಯಲ್ಲಿ. ಮಧ್ಯೆ ನಲವತ್ತು ಕಿಲೋಮೀಟರಿಗಿಂತ ಸ್ವಲ್ಪ ಜಾಸ್ತಿ ದಾರಿ. ಬಹಳ ವರ್ಷ ಬಸ್ಸಿನಲ್ಲೇ ಓಡಾಡಿದೆ. ಶಿರಾಳಕೊಪ್ಪದಲ್ಲಿ ಇಳಿದು ಇನ್ನೊಂದು ಬಸ್ಸು ಹತ್ತಬೇಕು. ಅದು ತಪ್ಪಿದರೆ ಮೊದಲ ಪೀರಿಯಡ್ಡೂ ತಪ್ಪಿತು. ಮಂಡಿ ನೋವು ಶುರುವಾದ ಮೇಲೆ ನಮ್ಮ ಯಜಮಾನರು ಪರಿಚಯದವರೊಬ್ಬರ ಹತ್ತಿರ ಇದ್ದ ಹಳೇ ಪುಟ್ಟ ಕಾರನ್ನು ತಂದು ಮನೆ ಮುಂದೆ ನಿಲ್ಲಿಸಿದರು. ಅದು ನನ್ನ ಒಂಬತ್ತನೇ ಕ್ಲಾಸಿನ ಮಕ್ಕಳಿಗಿಂತ ವಯಸ್ಸಿನಲ್ಲಿ ಹತ್ತು ವರ್ಷ ದೊಡ್ಡದು. ನಲವತ್ತನಾಲ್ಕನೇ ವಯಸ್ಸಿನಲ್ಲಿ ನಾನು ಡ್ರೈವಿಂಗ್ ಕಲಿತೆ.

ಎರಡು ವರ್ಷ ಆ ಕಾರು ಒಂದು ಮಾತೂ ಆಡದೆ ನನ್ನನ್ನು ಹೊತ್ತು ತಿರುಗಿತು. ಮೂರನೇ ವರ್ಷದ ಚಳಿಗಾಲ ಮುಗಿಯುವ ಹೊತ್ತಿಗೆ ಒಂದು ಸೋಮವಾರ ಬೆಳಿಗ್ಗೆ, ಶಿರಾಳಕೊಪ್ಪ ದಾಟಿ ಎಂಟು-ಹತ್ತು ಕಿಲೋಮೀಟರ್ ಹೋಗಿರಬೇಕು, ಜಗ್ಗಿ ಜಗ್ಗಿ ನಿಂತುಬಿಟ್ಟಿತು. ಕೀ ತಿರುಗಿಸಿದರೆ ಗರ್ರ್ ಎನ್ನುತ್ತದೆ, ಹಿಡಿಯುವುದಿಲ್ಲ. ಪೆಟ್ರೋಲು ನೋಡಿದರೆ ಮುಳ್ಳು ಮೇಲ್ತುದಿಯಲ್ಲಿದೆ. ಪ್ರತಿ ಭಾನುವಾರದ ಹಾಗೆ ಹಿಂದಿನ ಸಂಜೆ ತಾನೇ ಟ್ಯಾಂಕು ತುಂಬಿಸಿದ್ದೆ. ಬಾನೆಟ್ ಎತ್ತಿ ಸುಮ್ಮನೆ ನೋಡುತ್ತಾ ನಿಂತೆ. ನನಗೆ ಅದರೊಳಗೆ ಬ್ಯಾಟರಿ ಒಂದು ಬಿಟ್ಟರೆ ಬೇರೇನೂ ಗುರುತು ಸಿಗುತ್ತಿರಲಿಲ್ಲ. ಅರ್ಧ ಗಂಟೆ ಕಳೆದ ಮೇಲೆ, ಇನ್ನೇನು ಬಸ್ಸಿಗೆ ಕೈ ಅಡ್ಡ ಹಾಕಬೇಕು ಅನ್ನುವಾಗ, ಕೊನೆಯ ಸಲ ಅಂತ ಕೀ ತಿರುಗಿಸಿದೆ. ಏನೂ ಆಗೇ ಇಲ್ಲವೆಂಬಂತೆ ಚಾಲೂ ಆಯಿತು.

ಮಂಗಳವಾರದಿಂದ ಶನಿವಾರದವರೆಗೆ ಒಂದೂ ತೊಂದರೆಯಿಲ್ಲ. ಮರು ಸೋಮವಾರ ಹೆಚ್ಚು ಕಡಿಮೆ ಅದೇ ಜಾಗದಲ್ಲಿ ಮತ್ತೆ ನಿಂತಿತು. ಅದರ ಮುಂದಿನ ಸೋಮವಾರವೂ.

ಊರಿನಲ್ಲಿ ಒಬ್ಬರಿಗೆ ತೋರಿಸಿದೆವು. ಪ್ಲಗ್ ಬದಲಾಯಿಸಿದರು. ಇನ್ನೊಬ್ಬರು ಕಾಯಿಲ್ ಬಿಸಿಯಾಗುತ್ತದೆ ಎಂದು ಅದನ್ನು ತೆಗೆದು ಹೊಸದು ಹಾಕಿದರು. ಮತ್ತೊಬ್ಬರು ಪೆಟ್ರೋಲ್ ಪಂಪನ್ನೇ ಬಿಚ್ಚಿ ತೊಳೆದು ಕೂರಿಸಿದರು. ಪ್ರತಿ ಸಲವೂ ಕೆರೆ ಏರಿಯವರೆಗೆ ಒಂದು ಟ್ರಯಲ್. ಕಾರು ಚಿನ್ನದ ಹಾಗೆ ಓಡುತ್ತಿತ್ತು. "ಮೇಡಂ, ನಿಮ್ ಗಾಡೀಲಿ ಏನೂ ಇಲ್ರಿ" ಎಂದು ಎಲ್ಲರೂ ಒಂದೇ ಮಾತು ಹೇಳಿ ಕಳಿಸಿದರು. ನಮ್ಮತ್ತೆ ಶಿವಪೂಜೆ ಮುಗಿಸದೆ ನೀರು ಮುಟ್ಟುವವರಲ್ಲ. ಅವರಿಗೆ ಮಾತ್ರ ಇದರಲ್ಲಿ ಆಶ್ಚರ್ಯ ಕಾಣಲಿಲ್ಲ. "ಸೋಮವಾರ ಅಲ್ಲೇನೆ? ಅದೂ ಉಪವಾಸ ಮಾಡ್ತದೆ, ಬಿಡು" ಎಂದು ನಕ್ಕುಬಿಟ್ಟರು.

ಕಾರು ನಿಲ್ಲುತ್ತಿದ್ದ ಜಾಗದ ಹತ್ತಿರ, ರಸ್ತೆ ಪಕ್ಕ, ಅರ್ಧ ಹೂತುಹೋದ ಒಂದು ವೀರಗಲ್ಲಿದೆ. ಅಲ್ಲಿ ಎಮ್ಮೆ ಮೇಯಿಸುವ ಅಜ್ಜ ಒಬ್ಬರು ನನ್ನ ಸೋಮವಾರಗಳಿಗೆ ಸಾಕ್ಷಿಯಾಗಿದ್ದರು. ನಾಲ್ಕನೇ ಸಲ ನಿಂತಾಗ ಅವರು ಹತ್ತಿರ ಬಂದು, "ಸುಮ್ನೆ ಯಾಕೆ ಒದ್ದಾಡ್ತೀರಿ ಮಾರಾಯ್ರೆ, ಆ ಕಲ್ಲಿಗೊಂದು ಕಾಯಿ ಒಡೀರಿ. ಅದರ ಮುಂದೆ ಎಷ್ಟು ಗಾಡಿ ನಿಂತಾವೆ ಅಂತೀರಿ" ಎಂದರು.

ನಾನು ವಿಜ್ಞಾನದ ಟೀಚರು. ಮಕ್ಕಳಿಗೆ ಕಾರ್ಯ-ಕಾರಣ ಹೇಳಿಕೊಡುವವಳು. ಆದರೆ ಮುಂದಿನ ಸೋಮವಾರ, ಯಾರಿಗೂ ಹೇಳದೆ, ಚೀಲದಲ್ಲಿ ಒಂದು ತೆಂಗಿನಕಾಯಿ ಇಟ್ಟುಕೊಂಡು ಹೊರಟೆ. ಕಲ್ಲಿನ ಹತ್ತಿರ ನಾನಾಗಿಯೇ ಕಾರು ನಿಲ್ಲಿಸಿ, ಹಿಂದೆ ಮುಂದೆ ನೋಡಿ, ಕಾಯಿ ಒಡೆದೆ. ಅವತ್ತು ಕಾರು ನಿಲ್ಲಲಿಲ್ಲ. ಶಾಲೆ ಮುಟ್ಟುವವರೆಗೂ ನನಗೆ ಸಂತೋಷ ಮತ್ತು ನಾಚಿಕೆ ಎರಡೂ ಒಟ್ಟಿಗೆ ಆಗುತ್ತಿದ್ದವು. ಅದರ ಮುಂದಿನ ಸೋಮವಾರ ಕಲ್ಲಿನಿಂದ ಐವತ್ತು ಹೆಜ್ಜೆ ಆಚೆಗೆ ಮತ್ತೆ ನಿಂತಿತು. ಅಜ್ಜ ಬಂದು, "ಒಂದೇ ಕಾಯಿಗೆ ಎಷ್ಟು ವಾರ ಅಂತ ನಡೆಸ್ತದೆ?" ಎಂದರು.

ನಮ್ಮ ಯಜಮಾನರದು ಗೊಬ್ಬರದಂಗಡಿ. ಅಲ್ಲಿಗೆ ಬರುವ ರೈತರೊಬ್ಬರು ಈ ಕತೆ ಕೇಳಿ, ಶಿರಾಳಕೊಪ್ಪ ರಸ್ತೆಯಲ್ಲಿ ಹುಣಸೆಮರದ ಕೆಳಗೆ ಒಂದು ತಗಡಿನ ಶೆಡ್ಡಿದೆ, ಅಲ್ಲಿಗೆ ಹೋಗಿ ಎಂದು ಹೇಳಿದರಂತೆ. ಆ ಶೆಡ್ಡಿನ ಮುಂದೆ ನಾನು ಎಷ್ಟೋ ವರ್ಷದಿಂದ ಹಾದುಹೋಗುತ್ತಿದ್ದೆ. ಬೋರ್ಡಿಲ್ಲದ್ದರಿಂದ ಅದು ಗ್ಯಾರೇಜು ಎಂದೇ ಗೊತ್ತಿರಲಿಲ್ಲ.

ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟು ಬರುವಾಗ ಅಲ್ಲಿ ಕಾರು ನಿಲ್ಲಿಸಿದೆ. ಅರವತ್ತೈದರ ಆಸುಪಾಸಿನ ಮೇಸ್ತ್ರಿ, ಬಿಳೀ ಗಡ್ಡ, ದಾರ ಕಟ್ಟಿದ ಕನ್ನಡಕ, ಸ್ಟೂಲಿನ ಮೇಲೆ ಕೂತು ಯಾವುದೋ ಸಣ್ಣ ಸ್ಪ್ರಿಂಗನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದರು. ನಾನು ಬಾನೆಟ್ ತೆರೆಯಲು ಹೋದೆ.

"ಬ್ಯಾಡ್ರಿ ಅಕ್ಕೋರೆ, ಮುಚ್ಚಿರ್ಲಿ. ಮೊದ್ಲು ಕೂತ್ಕೊಳ್ರಿ" ಎಂದರು. ನಮ್ಮ ಕಡೆ ಟೀಚರಿಗೆ ಅಕ್ಕೋರು ಅನ್ನುತ್ತಾರೆ. ನಾನು ಟೀಚರು ಎಂದು ಅವರಿಗೆ ಹೇಗೆ ತಿಳಿಯಿತೋ, ಬಹುಶಃ ಹಿಂದಿನ ಸೀಟಿನ ಮೇಲಿದ್ದ ಉತ್ತರ ಪತ್ರಿಕೆಗಳ ಕಟ್ಟು ನೋಡಿರಬೇಕು.

ಸೋಮವಾರಗಳ ಬಗ್ಗೆ ನಾನು ಹೇಳಿದ್ದನ್ನು ಪೂರ್ತಿ ಕೇಳಿದ ಮೇಲೆ ಅವರು ಪ್ರಶ್ನೆ ಶುರು ಮಾಡಿದರು.

"ನಿಲ್ಲೋವಾಗ ದೀಪ ಆರಿದಂಗೆ ಒಮ್ಮೆಗೇ ಆರ್ತದೋ, ಇಲ್ಲಾ ಜಗ್ಗಿ ಜಗ್ಗಿ ನಿಲ್ತದೋ?"

"ಜಗ್ಗಿ ಜಗ್ಗಿ ನಿಲ್ಲುತ್ತೆ."

"ಹಂಗಾದ್ರೆ ಕರೆಂಟಿನ ಬಾಬತ್ತಲ್ಲ. ಕರೆಂಟ್ ಹೋದ್ರೆ ಹೇಳದೇ ಕೇಳದೇ ಹೋಗ್ತೈತೆ. ಇದು ಹಸಿವಿನ ಕೆಲ್ಸ. ಇಂಜಿನಿಗೆ ಊಟ ಸಿಕ್ತಾ ಇಲ್ಲ."

"ಟ್ಯಾಂಕ್ ತುಂಬಾ ಪೆಟ್ರೋಲ್ ಇರುತ್ತಲ್ಲ ಭಾಯ್."

"ಇರ್ತೈತೆ. ಮನೇಲಿ ಕಣಜ ತುಂಬಿದ್ರೂ ಬಾಗ್ಲು ತೆಗೀದಿದ್ರೆ ಉಪವಾಸಾನೇ ಅಲ್ವೇನ್ರಿ?"

ನಮ್ಮತ್ತೆಯ ಮಾತು ನೆನಪಾಗಿ ನಗು ಬಂತು. ಅವರು ನಗಲಿಲ್ಲ. ಏರಿನಲ್ಲಿ ನಿಲ್ಲುತ್ತದೋ ಸಪಾಟಿನಲ್ಲೋ ಕೇಳಿದರು. ಬಿಸಿಲಿದ್ದಾಗಲೋ ಮಂಜಿದ್ದಾಗಲೋ ಕೇಳಿದರು. ಸಂಜೆ ವಾಪಸು ಬರುವಾಗ ಹೇಗಿರುತ್ತದೆ ಎಂದರು. ಸೋಮವಾರ ಸಂಜೆ ಶಿಕಾರಿಪುರ ಹತ್ತಿರವಾದಾಗ ಸ್ವಲ್ಪ ಎಳೆದಾಡುತ್ತದೆ, ಆದರೆ ನಿಲ್ಲುವುದಿಲ್ಲ ಎಂದೆ. ಅದನ್ನು ನಾನು ಬೇರೆ ಮೆಕ್ಯಾನಿಕರಿಗೆ ಹೇಳಿರಲಿಲ್ಲ, ಯಾರೂ ಕೇಳಿರಲಿಲ್ಲ.

"ಸೋಮವಾರ ನಿಲ್ದೇ ಇದ್ದದ್ದು ಯಾವತ್ತಾದ್ರೂ ಐತಾ?"

ಒಂದೇ ಒಂದು ಇತ್ತು. ತೆಂಗಿನಕಾಯಿಯ ವಿಷಯ ಹೇಳಿದೆ. ನನ್ನ ಗಂಡನಿಗೂ ಹೇಳದ ಮಾತದು. ಹೇಳುವಾಗ ಕಣ್ಣೆತ್ತಿ ನೋಡಲಾಗಲಿಲ್ಲ.

ಮೇಸ್ತ್ರಿ ಸ್ಪ್ರಿಂಗನ್ನು ಕೆಳಗಿಟ್ಟರು. "ಹಿಂದಿನ ದಿನ, ಭಾನುವಾರ, ಪೆಟ್ರೋಲ್ ಹಾಕ್ಸಿದ್ರಾ?"

ನೆನಪಿಸಿಕೊಂಡೆ. ಆ ಭಾನುವಾರ ನಾವು ನಾದಿನಿಯ ಮಗುವಿನ ತೊಟ್ಟಿಲಿಗೆ ಹೋಗಿದ್ದೆವು. ಪೆಟ್ರೋಲ್ ಹಾಕಿಸಿರಲಿಲ್ಲ. ಸೋಮವಾರ ಬೆಳಿಗ್ಗೆ ಶಿರಾಳಕೊಪ್ಪದಲ್ಲಿ ಐದು ಲೀಟರ್ ಹಾಕಿಸಿಕೊಂಡು ಹೋಗಿದ್ದೆ. ಆ ವಾರವೆಲ್ಲ ಹಾಗೇ ಚೂರು ಚೂರು ಹಾಕಿಸಿದ್ದೆ.

ಅವರು ಎದ್ದು ಕಾರಿನ ಹಿಂಬದಿಗೆ ಹೋದರು. ಟ್ಯಾಂಕಿನ ಮುಚ್ಚಳ ತಿರುಗಿಸಿ ತೆಗೆದು, ಅದರ ರಬ್ಬರಿನ ಸುತ್ತ ಹೆಬ್ಬೆರಳು ಆಡಿಸಿ, ಮತ್ತೆ ಹಾಕಿದರು. ಅಷ್ಟೇ. "ನಾಳೆ ಫುಲ್ ಮಾಡಿಸ್ರಿ. ಸೋಮವಾರ ಬೆಳಿಗ್ಗೆ ನಾನೂ ಬರ್ತೀನಿ ನಿಮ್ ಜೊತೆ."

"ಈಗಲೇ ನೋಡಬಾರದಾ?"

"ಓಡೋ ಗಾಡೀಲಿ ಏನ್ ನೋಡ್ಲಿ ಅಕ್ಕೋರೆ? ಜ್ವರ ಬಂದಾಗ್ಲೇ ನಾಡಿ ಹಿಡೀಬೇಕು."

ಸೋಮವಾರ ಬೆಳಿಗ್ಗೆ ಅವರು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಒಂದು ಬಟ್ಟೆ ಚೀಲ ಹಿಡಿದು ಹುಣಸೆಮರದ ಕೆಳಗೆ ನಿಂತಿದ್ದರು. ಚೀಲದಲ್ಲಿ ನಾಲ್ಕೈದು ಸ್ಪ್ಯಾನರು, ಸೈಕಲ್ಲಿನ ಒಂದು ಕಡ್ಡಿ, ಒಂದು ಟವೆಲ್ಲು, ಕುಡಿಯುವ ನೀರಿನ ಬಾಟಲಿ. ಪಕ್ಕದ ಸೀಟಿನಲ್ಲಿ ಕೂತು ಡ್ಯಾಶ್‌ಬೋರ್ಡಿನ ಮೇಲೆ ಅಂಗೈ ಊರಿದರು. ನಾನು ಮಾತಿಗೆ ಶುರು ಮಾಡಿದರೆ ಎರಡು ಶಬ್ದದಲ್ಲಿ ಮುಗಿಸುತ್ತಿದ್ದರು.  ಶಿರಾಳಕೊಪ್ಪ ದಾಟಿತು. ಗದ್ದೆಗಳು ಬಂದವು, ಗಾಳಿಗೆ ತಂಪು ಬಂತು.

"ಸುಸ್ತಾಗ್ತಾ ಐತೆ" ಎಂದರು ಮೇಸ್ತ್ರಿ. "ಗೊತ್ತಾಗ್ತದಾ ನಿಮಗೆ?"

ನನಗೆ ಏನೂ ಗೊತ್ತಾಗಲಿಲ್ಲ. ಅದೇ ಸದ್ದು, ಅದೇ ವೇಗ.

"ಇನ್ನೊಂದು ಮೈಲಿ ಹೋಗ್ತದೇನೋ. ಎಡಕ್ಕೆ ತಗೊಂಡೇ ಓಡ್ಸ್ರಿ."

ಒಂದು ಮೈಲಿಯೂ ಆಗಿರಲಿಲ್ಲ. ಕಾರು ಒಮ್ಮೆ ಜಗ್ಗಿತು, ಇನ್ನೊಮ್ಮೆ ಜಗ್ಗಿತು, ವೀರಗಲ್ಲಿಗೆ ಸ್ವಲ್ಪ ಈಚೆ ನಿಂತಿತು. ನನ್ನ ಕೈ ತಾನಾಗಿ ಕೀಗೆ ಹೋಯಿತು.

"ಮುಟ್ಬೇಡ್ರಿ! ಬರ್ರಿ ಇಲ್ಲಿ. ಕಿವಿ ಕೊಡ್ರಿ."

ನಾನು ಇಳಿದು ಟ್ಯಾಂಕಿನ ಹತ್ತಿರ ಬಗ್ಗಿದೆ. ಅವರು ಮುಚ್ಚಳವನ್ನು ನಿಧಾನವಾಗಿ ತಿರುಗಿಸಿದರು. ಸುಂಯ್ ಎಂದು ಒಂದು ಸದ್ದು ಶುರುವಾಯಿತು. ನಾನು ಒಳಗಿನಿಂದ ಏನೋ ಹೊರಬರುತ್ತಿದೆ ಎಂದುಕೊಂಡು ಮುಖ ಹಿಂದೆ ತೆಗೆದೆ.

"ಹೊರಗೆ ಬರ್ತಾ ಇಲ್ಲ ಅಕ್ಕೋರೆ, ಒಳಗೆ ಹೋಗ್ತಾ ಐತೆ. ಕೈ ಇಡ್ರಿ, ಬೇಗ, ಬೇಗ."

ಮುಚ್ಚಳ ಸರಿಸಿದ ಜಾಗಕ್ಕೆ ಅಂಗೈ ಇಟ್ಟೆ. ಅದು ನನ್ನ ಕೈಯನ್ನು ಎಳೆದುಕೊಂಡಿತು. ಸಣ್ಣ ಕೂಸು ಹಾಲಿಗೆ ಬಾಯಿ ಹಾಕುವಂತೆ, ಅಷ್ಟು ಬಲವಾಗಿ, ಅಷ್ಟು ಜೀವವಿರುವ ಹಾಗೆ.  ಕೈ ಬಿಡಿಸಿದೆ, ಸದ್ದು ಸಣ್ಣಗಾಗುತ್ತಾ ನಿಂತುಹೋಯಿತು.

"ಈಗ ಚಾಲೂ ಮಾಡ್ರಿ."

ಎರಡನೇ ಸಲಕ್ಕೇ ಹಿಡಿಯಿತು. ಅರ್ಧ ಗಂಟೆ ಇಲ್ಲ, ಅರ್ಧ ನಿಮಿಷವೂ ಇಲ್ಲ. ನಾನು ಸ್ಟೇರಿಂಗ್ ಹಿಡಿದು ಹಾಗೇ ಕೂತೆ. ವರ್ಷ ವರ್ಷವೂ ಜುಲೈ ತಿಂಗಳಲ್ಲಿ ನಾನು ನೀರು ತುಂಬಿದ ಲೋಟದ ಮೇಲೆ ರಟ್ಟು ಮುಚ್ಚಿ ತಲೆಕೆಳಗು ಮಾಡಿ ತೋರಿಸುತ್ತೇನೆ. ನೀರು ಬೀಳುವುದಿಲ್ಲ, ಮಕ್ಕಳು ಹೋ ಅನ್ನುತ್ತಾರೆ, ನಾನು ಬೋರ್ಡಿನ ಮೇಲೆ ವಾಯುವಿನ ಒತ್ತಡ ಎಂದು ಬರೆಯುತ್ತೇನೆ. ಅದೇ ಗಾಳಿ ನನ್ನ ಬೆನ್ನ ಹಿಂದೆ ಟ್ಯಾಂಕಿನೊಳಗೆ ಇಷ್ಟು ವಾರ ಆಟ ಆಡಿತ್ತು, ನಾನು ಕಾಯಿ ಒಡೆದಿದ್ದೆ.

"ಆದರೆ ತುಂಬಿದ್ದಾಗಲೇ ಯಾಕೆ?" ಎಂದು ಕೇಳಿದೆ.

ಅವರು ಚೀಲದಿಂದ ನೀರಿನ ಬಾಟಲಿ ತೆಗೆದರು. ಕುತ್ತಿಗೆವರೆಗೆ ನೀರಿತ್ತು. ಬಾಯಿಗೆ ಬಿಗಿಯಾಗಿ ಹಿಡಿದು, ಗಾಳಿ ಬಿಡದೆ ಎಳೆದರು. ಒಂದು ಗುಟುಕಿಗೇ ಬಾಟಲಿಯ ಪಕ್ಕೆ ಒಳಕ್ಕೆ ಕುಗ್ಗಿತು. ಆಮೇಲೆ ಅರ್ಧ ನೀರು ಚೆಲ್ಲಿ ಮತ್ತೆ ಎಳೆದರು. ಈಗ ಎರಡು ಮೂರು ಗುಟುಕು ಸಲೀಸಾಗಿ ಬಂತು. "ತುಂಬಿದ್ದಾಗ ಒಳಗೆ ಗಾಳಿಗೆ ಜಾಗ ಇಷ್ಟೇ ಇಷ್ಟು. ಇಂಜಿನ್ ಎರಡು ಲೀಟರ್ ಕುಡಿಯೋದ್ರಾಗೆ ಅದು ಜಗ್ಗಿ ಜಗ್ಗಿ ಸಾಕಾಗಿ ಹೋಗ್ತದೆ, ಪೆಟ್ರೋಲ್ ಬಿಡಲ್ಲ ಅಂತದೆ. ಮಂಗ್ಳಾರಕ್ಕೆ ಖಾಲಿ ಜಾಗ ಜಾಸ್ತಿ ಆಗಿರ್ತೈತೆ, ನಿಮ್ ಸ್ಕೂಲ್ ಮುಟ್ಟೋವರೆಗೂ ತಡ್ಕೊಂತದೆ."

ಅದಕ್ಕೆ ಪುಸ್ತಕದಲ್ಲಿ ಒಂದು ನಿಯಮವೇ ಇದೆ, ಸೂತ್ರವೂ ಇದೆ ಎಂದೆ. "ಹೌದಾ? ನಂದು ನಾಲ್ಕನೇ ಕ್ಲಾಸು, ಅಲ್ಲೀತನಕ ಬರಲಿಲ್ಲ" ಎಂದರು. ಅವರ ಮಾತಿನಲ್ಲಿ ಕೊಂಕಿರಲಿಲ್ಲ. ಯಾರೋ ಬರೆದಿಟ್ಟಿದ್ದಾರಲ್ಲ ಎಂಬ ಖುಷಿ ಇತ್ತು.

ಆಮೇಲೆ ಟವೆಲ್ ಹಾಸಿ ಕಾರಿನ ಕೆಳಗೆ ಮಲಗಿದರು. ಟ್ಯಾಂಕಿನೊಳಕ್ಕೆ ಗಾಳಿ ಹೋಗಲೆಂದೇ ಒಂದು ಸಣ್ಣ ರಬ್ಬರ್ ಪೈಪು ಇರುತ್ತದಂತೆ. ಅದನ್ನು ಎಳೆದು ಬಿಚ್ಚಿ, ಬಾಯಿಂದ ಊದಿ, ನನ್ನ ಕೈಗೆ ಕೊಟ್ಟು ಊದಿ ಎಂದರು. ಊದಿದೆ. ಗೋಡೆಗೆ ಊದಿದ ಹಾಗಾಯಿತು. ಹೊರತುದಿಯನ್ನು ಬಿಸಿಲಿಗೆ ಹಿಡಿದರೆ ಒಳಗೆ ನುಣ್ಣನೆಯ ಬೂದುಬಣ್ಣದ ಮಣ್ಣು. ಯಾರೋ ಬೆರಳಲ್ಲಿ ಮೆತ್ತಿ ಒರೆಸಿದಷ್ಟು ಅಚ್ಚುಕಟ್ಟು.

"ಕುಂಬಾರ ಹುಳ" ಎಂದರು ಮೇಸ್ತ್ರಿ, ಬಹಳ ದಿನದ ಪರಿಚಯದವರ ಹೆಸರು ಹೇಳುವಂತೆ.

ಗೋಡೆ ಸಂದಿಗಳಲ್ಲಿ, ಬಾಗಿಲ ಚೌಕಟ್ಟಿನಲ್ಲಿ ಮಣ್ಣಿನ ಗೂಡು ಕಟ್ಟುವ ಕಪ್ಪು ಕಣಜದ ಹುಳ. ನಮ್ಮ ಮನೆಯಲ್ಲೂ ಇದೆ. ಅದು ನನ್ನ ಕಾರಿನ ಪೈಪನ್ನು ಒಳ್ಳೆಯ ಜಾಗವೆಂದು ಆರಿಸಿಕೊಂಡಿತ್ತು. ಮೇಸ್ತ್ರಿ ಸೈಕಲ್ ಕಡ್ಡಿಯಿಂದ ಸುತ್ತಲೂ ಬಿಡಿಸುತ್ತಾ, ಮಣ್ಣನ್ನು ಒಡೆಯದಂತೆ ಹೊರಗೆ ಎಳೆದರು. ಅದರ ಹಿಂದೆ ಜೇಡದ ಕಾಲುಗಳ ಪುಡಿ, ಮಧ್ಯೆ ಜೋಳದ ಕಾಳಿನಷ್ಟು ದಪ್ಪದ ಕಂದು ಕೋಶ. ಅಂಗೈ ಮೇಲೆ ಇಟ್ಟುಕೊಂಡು ನೋಡಿದೆ. ಗೊತ್ತಾಗದಷ್ಟು ಮೆಲ್ಲಗೆ ಅದು ಒಮ್ಮೆ ಮಿಸುಕಿದ ಹಾಗಾಯಿತು. ಆ ಹುಳ ತನ್ನ ಮರಿಗೆಂದು ಬುತ್ತಿ ಕಟ್ಟಿಟ್ಟು ಬಾಗಿಲು ಮುಚ್ಚಿ ಹೋಗಿತ್ತು. ದಿನಕ್ಕೆ ಎಂಬತ್ತು ಕಿಲೋಮೀಟರ್ ಓಡುವ ಮನೆ ಅದು ಎಂದು ಅದಕ್ಕೆ ಹೇಗೆ ತಿಳಿಯಬೇಕು?

"ಅರ್ಧ ಗಂಟೆಗೆ ತಾನೇ ಚಾಲೂ ಆಗ್ತಿತ್ತಲ್ಲ, ಅದು ಯಾಕೆ?"

"ಮಣ್ಣಲ್ವೇನ್ರಿ? ಮಡಕೆ ಬೆವರೋದಿಲ್ವಾ? ಹಂಗೇ ಗಾಳೀನೂ ಚೂರು ಚೂರೇ ಒಳಗೆ ಹೋಗ್ತದೆ. ಸಿಮೆಂಟಾಗಿದ್ರೆ ನೀವು ಇವತ್ತಿಗೂ ಇಲ್ಲೇ ಇರ್ತಿದ್ರಿ."

ಅಷ್ಟರಲ್ಲಿ ಎಮ್ಮೆಯ ಅಜ್ಜ ಬಂದರು. ಎಲ್ಲಾ ನೋಡಿ, ನನ್ನ ಕಡೆ ತಿರುಗಿ, "ಕಾಯಿ ತಂದಿದ್ರಾ?" ಎಂದರು. ನನಗಿಂತ ಮೊದಲೇ ಮೇಸ್ತ್ರಿ ಉತ್ತರ ಕೊಟ್ಟರು: "ಇವತ್ತು ಬೇಕಾಗಲಿಲ್ಲ ಅಜ್ಜಾರೆ. ಆದ್ರೆ ನೀವು ಅವತ್ತು ಕಾಯಿ ಒಡೆಸ್ದೇ ಇದ್ದಿದ್ರೆ ಅಕ್ಕೋರಿಗೆ ಆ ಸೋಮವಾರ ನೆನಪೇ ಇರ್ತಿರ್ಲಿಲ್ಲ. ನನಗೆ ಇದು ಸಿಕ್ತಿರ್ಲಿಲ್ಲ." ಅಜ್ಜ ಅದು ಸರಿಯೇ ಎಂಬಂತೆ ತಲೆಯಾಡಿಸಿ, ಎಮ್ಮೆಗಳ ಹಿಂದೆ ಹೋದರು. ಮೇಸ್ತ್ರಿ ಕೋಶವನ್ನು ಮಣ್ಣಿನ ಸಮೇತ ವೀರಗಲ್ಲಿನ ನೆರಳು ಬದಿಯ ಬಿರುಕಿನಲ್ಲಿ ಇಟ್ಟರು. ಪೈಪು ಜೋಡಿಸಿ, ತುದಿಗೆ ಜೇಬಿನಲ್ಲಿದ್ದ ಚಹಾ ಸೋಸುವ ಜಾಲರಿಯ ಒಂದು ತುಂಡು ಕಟ್ಟಿದರು. ನಾನು ಎಷ್ಟು ಹೇಳಿದರೂ ವಾಪಸು ಬಿಡಲು ಒಪ್ಪದೆ, "ಮಕ್ಳು ಕಾಯ್ತಿರ್ತಾರೆ, ಹೋಗ್ರಿ" ಎಂದು ಎದುರಿಗೆ ಬಂದ ಶಿರಾಳಕೊಪ್ಪದ ಬಸ್ಸಿಗೆ ಕೈ ತೋರಿಸಿ ಹತ್ತಿಬಿಟ್ಟರು.

ಆಮೇಲೆ ಕಾರು ಯಾವ ಸೋಮವಾರವೂ ನಿಲ್ಲಲಿಲ್ಲ. ನಾನೇ ಆ ಶೆಡ್ಡಿನ ಮುಂದೆ ನಿಲ್ಲತೊಡಗಿದೆ. ಶನಿವಾರ ಮಧ್ಯಾಹ್ನ ಅರ್ಧ ಗಂಟೆ ಸ್ಟೂಲೆಳೆದುಕೊಂಡು ಕೂತರೆ ಏನಾದರೊಂದು ನೋಡಲು ಸಿಗುತ್ತಿತ್ತು. ಸ್ವಲ್ಪ ದಿನದಲ್ಲಿ ನನಗೂ ಒಂದಿಷ್ಟು ತಿಳಿಯಿತು ಎಂಬ ಭ್ರಮೆ ಬಂತು. ನಮ್ಮ ಹೆಡ್‌ಮಾಸ್ಟರರ ಕಾರು ಬಿಸಿಯಾಗುತ್ತಿದೆ ಎಂದಾಗ ನಾನು ಸ್ಟಾಫ್ ರೂಮಿನಲ್ಲೇ ತೀರ್ಪು ಕೊಟ್ಟೆ: ರೇಡಿಯೇಟರಿನ ನೀರು ಸೋರುತ್ತಿದೆ. ಅವರು ಎರಡು ವಾರ ನೀರು ತುಂಬಿಸಲು ಹೋಗುತ್ತಲೇ ಇದ್ದರು. ನೀರು ಕಡಿಮೆಯೇ ಆಗುತ್ತಿರಲಿಲ್ಲ, ಬಿಸಿಯೂ ನಿಲ್ಲಲಿಲ್ಲ. ಕೊನೆಗೆ ಅವರನ್ನು ಸೊರಬದಿಂದ ಹುಣಸೆಮರದವರೆಗೆ ಕರೆದುಕೊಂಡು ಬಂದೆ.

"ಹೆದ್ದಾರೀಲಿ ಬಿಸಿಯಾಗ್ತದೋ, ಊರೊಳಗೋ?" ಎಂದು ಮೇಸ್ತ್ರಿ ಕೇಳಿದರು.

"ಊರೊಳಗೇ ಮಾರಾಯ್ರೆ. ಸಂತೆ ದಿನ ನಿಧಾನ ಹೋದ್ರೆ ಮುಳ್ಳು ಏರ್ತದೆ. ಇನ್ನೊಂದು ತಮಾಷೆ ಹೇಳ್ಲಾ? ಏಸಿ ಹಾಕಿದ್ರೆ ಬಿಸಿಯಾಗೂದೇ ಇಲ್ಲ. ಏಸಿ ಹಾಕಿದ್ರೆ ಇಂಜಿನ್ನಿಗೆ ಭಾರ ಜಾಸ್ತಿ ಅಲ್ವಾ? ಉಲ್ಟಾ ಆಗ್ಬೇಕಿತ್ತು."

ಆ ತಮಾಷೆಯನ್ನು ಅವರು ನನಗೂ ಹೇಳಿದ್ದರು. ನಾನು ಕೇಳಿ ನಕ್ಕು ಮರೆತಿದ್ದೆ. ಮೇಸ್ತ್ರಿಯ ಕೈಲಿದ್ದ ಚಹಾ ಲೋಟ ತುಟಿಯ ಹತ್ತಿರವೇ ನಿಂತಿತು. "ಹಂಗಾದ್ರೆ ಫ್ಯಾನ್ ಚೆನ್ನಾಗೈತೆ. ಏಸಿ ಹಾಕಿದ್ರೆ ಫ್ಯಾನ್ ತಿರುಗ್ಲೇಬೇಕು, ತಿರುಗ್ತೈತೆ. ಏಸಿ ಇಲ್ದಾಗ ಬಿಸಿ ನೋಡಿ ಫ್ಯಾನಿಗೆ ಹೇಳೋಕೆ ಒಂದು ಸಣ್ಣ ಸ್ವಿಚ್ ಇರ್ತೈತೆ. ಅದು ಸತ್ತೈತೆ." ಬಾನೆಟ್ಟು ಇನ್ನೂ ಮುಚ್ಚಿಯೇ ಇತ್ತು. ತೆಗೆದು ನೋಡಿದಾಗ ಅದೇ ಆಗಿತ್ತು. ಬೆರಳಿನ ಗಾತ್ರದ ಒಂದು ಹಿತ್ತಾಳೆ ಸ್ವಿಚ್ಚು.

ನಾನು ಪೆಚ್ಚಾಗಿ ನಿಂತಿದ್ದನ್ನು ನೋಡಿ ಮೇಸ್ತ್ರಿ, "ನೀವು ಉತ್ತರ ಮೊದ್ಲು ಇಟ್ಕೊಂಡು ಆಮೇಲೆ ಕೇಳಿದ್ರಿ ಅಕ್ಕೋರೆ, ಅಷ್ಟೇ" ಎಂದರು. 

ಹೊರಡುವ ಮುಂಚೆ ನಾನು, ನೀವು ಕಂಡುಹಿಡಿಯದ್ದು ಒಂದಾದರೂ ಇದೆಯಾ ಎಂದು ಕೇಳಿದೆ. ಅವರು ಶೆಡ್ಡಿನ ಹಿಂದಕ್ಕೆ ಕರೆದುಕೊಂಡು ಹೋದರು. ಬಣ್ಣ ಹೋದ ಒಂದು ಜೀಪು ನಿಂತಿತ್ತು. ಅದರ ಮಾಲೀಕರು ಬೇಸತ್ತು ಇವರಿಗೇ ಬಿಟ್ಟುಹೋಗಿದ್ದರಂತೆ. ಅದರ ಇಂಜಿನ್ನಿನಲ್ಲಿ ಒಂದು ಸದ್ದು ಇದೆ, ಮೂರು ವರ್ಷದಿಂದ ಹುಡುಕುತ್ತಿದ್ದೇನೆ, ಪೂರ್ತಿ ಎರಡು ಸಲ ಬಿಚ್ಚಿ ಕಟ್ಟಿದ್ದೇನೆ, ಇನ್ನೂ ಸಿಕ್ಕಿಲ್ಲ ಎಂದರು. ಶುಕ್ರವಾರ ನಮಾಜಿನಿಂದ ಬಂದ ಮೇಲೆ ಹತ್ತು ನಿಮಿಷ ಚಾಲೂ ಮಾಡಿ ಕೇಳುತ್ತಾರಂತೆ. ಹೇಳುವಾಗ ಅವರ ಮುಖದಲ್ಲಿ ಸೋತ ಕಳೆ ಇರಲಿಲ್ಲ.

"ಕೂತ್ಕೊಳ್ರಿ, ನೀವೂ ಕೇಳ್ರಿ" ಎಂದು ಜೀಪು ಚಾಲೂ ಮಾಡಿದರು. ಹೆಡ್‌ಮಾಸ್ಟರು ಮತ್ತು ನಾನು ಉಸಿರು ಹಿಡಿದು ಕೂತೆವು. ಇಂಜಿನ್ನು ಒಂದೇ ಸಮನೆ ಗುಡುಗುಡು ಎನ್ನುತ್ತಿತ್ತು. ಮೇಸ್ತ್ರಿ ಕಣ್ಣು ಮುಚ್ಚಿದರು. ಸ್ವಲ್ಪ ಹೊತ್ತಿಗೆ ತೋರುಬೆರಳು ಮೇಲೆತ್ತಿದರು. "ಅಗೋ" ಎಂದರು.

ನನಗೆ ಏನೂ ಕೇಳಿಸಲಿಲ್ಲ.